ಬೆವರು ಆರಲಿ

ನೀರಿನ ಟ್ಯಾಂಕರ್ ಬಂದು ಚಿಕಿತ್ಸೆಯ ಡೇರೆ ಮುಂದೆ ನಿಂತು ಐದು ನಿಮಿಷವಾದರೂ ಡ್ರೈವರ್ ಕೆಳಗಿಳಿಯಲಿಲ್ಲ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಮಗ್ಗು, ಕ್ಯಾನು, ಬಕೆಟ್ಟು ಹಿಡಿದು ಸಾಲು ನಿಂತ ಜವಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜಸ್ಥಾನದ ಮರಳಿನ ಮೇಲೆ ಮೇ ತಿಂಗಳ ಬಿಸಿಲು ಬೆಳಿಗ್ಗೆ ಹನ್ನೊಂದಕ್ಕೇ ನಲವತ್ತೇಳು ಡಿಗ್ರಿ ಮುಟ್ಟಿತ್ತು.

ನರ್ಸಿಂಗ್ ಅಸಿಸ್ಟೆಂಟ್ ವಿಶ್ವಾರಾಧ್ಯ ಡೇರೆಯಿಂದ ಹೊರಬಂದು, ಅಜ್ಜಂಪುರ-ಬೀರೂರು ಬಸ್ಸಿನ ಕಂಡಕ್ಟರನ ಮೂಗುದನಿಯಲ್ಲಿ ಕೂಗಿದ. "ಯಾರ್ರೀ ಅದು, ಸ್ಟಾಪ್ ಬಂತು, ಇಳೀರಿ! ನಿದ್ದೆ ಮಾಡಕ್ಕೆ ಬ್ಯಾರೆ ಟಿಕೇಟು!"

ದಿನಾ ಇದಕ್ಕೆ ಡ್ರೈವರ್ ಅರ್ಫಾತ್ ಸಿದ್ಧ ಉತ್ತರ ಇಟ್ಟುಕೊಂಡಿರುತ್ತಿದ್ದ: "ಚಿಲ್ರೆ ಕೊಟ್ಮೇಲೆ ಇಳೀತೀನಿ ಕಣೋ." ಇವತ್ತು ಬರಲಿಲ್ಲ.

ವಿಶ್ವ ಬಾಗಿಲು ಎಳೆದ. ಅರ್ಫಾತ್ ಸ್ಟೇರಿಂಗಿಗೆ ಹಣೆ ಆನಿಸಿ ಕೂತಿದ್ದ. ಕುತ್ತಿಗೆ ಮುಟ್ಟಿದರೆ ಕಾದ ರೊಟ್ಟಿ ಹಂಚು. ಒಂದು ಹನಿ ಬೆವರಿಲ್ಲ. ಪಕ್ಕದ ಸೀಟಿನ ಮೇಲೆ ಬೆಳಿಗ್ಗೆ ತುಂಬಿಸಿಟ್ಟ ಬಾಟಲಿ ತುಂಬಿದ ಹಾಗೇ ಇತ್ತು. ಊರಿಗೆಲ್ಲ ನೀರು ಹೊತ್ತು ತಂದವನು ಗುಟುಕು ನೀರಿಲ್ಲದೆ ಬಿದ್ದಿದ್ದ.

ಆ ಬಾಟಲಿ ಯಾಕೆ ತುಂಬಿದೆ ಎಂಬುದು ವಿಶ್ವನಿಗೆ ನೋಡಿದೊಡನೆ ಹೊಳೆಯಿತು.

ಹಿರೇನಲ್ಲೂರಿನ ವಿಶ್ವನಿಗೂ ಅಜ್ಜಂಪುರದ ಅರ್ಫಾತ್‌ಗೂ ಪರಿಚಯವಾದದ್ದೇ ಈ ಮರಳಿನಲ್ಲಿ. ಕೆಟ್ಟು ನಿಂತ ಪಂಪಿಗೆ ಒಬ್ಬ ಅಪ್ಪಟ ಕನ್ನಡದಲ್ಲಿ ಬಯ್ಯುತ್ತಿದ್ದ. ಇನ್ನೊಬ್ಬ ಅದೇ ಬೈಗುಳವನ್ನು ಅದೇ ರಾಗದಲ್ಲಿ ಡೇರೆಯೊಳಗಿಂದ ವಾಪಸು ಕೊಟ್ಟ. ಅಣಕಿಸುವುದು ವಿಶ್ವನ ಹುಟ್ಟುಗುಣ. ಕಡೂರಿನಲ್ಲಿ ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಸಾರಿ, ಕಾಲೇಜಿಗೆ ಒಂದು ದಿನ, ತನಗೆ ಹದಿನೈದು ದಿನ ರಜೆ ಕೊಡಿಸಿಕೊಂಡ ಆಸಾಮಿ.

ತಿಂಗಳ ಹಿಂದೆ ಅರ್ಫಾತ್‌ನ ತಾಯಿ ಸರ್ವರ್ ಬೇಗಂ ಫೋನಿನಲ್ಲಿ ಮಗನಿಗೆ ಹೇಳಿದ್ದು ವಿಶ್ವನ ಕಿವಿಗೆ ಬಿದ್ದಿತ್ತು. "ಬಿಸ್ಲಲ್ಲಿ ಬಂದು ಗಟಗಟ ಕುಡೀಬ್ಯಾಡ ಬಾವಾ. ಕೂತ್ಕೊ. ಪಸೀನಾ ಸೂಖನೇ ದೇ." ಬೆವರು ಆರಲಿ ಮಗನೇ, ಆಮೇಲೆ ನೀರು. ಹಿರೇನಲ್ಲೂರಿನ ಅಜ್ಜಿಯದೂ ಅದೇ ಕಟ್ಟಳೆ: ಬಿಸಿಲಿಂದ ಬಂದವರಿಗೆ ಮೊದಲು ಬೆಲ್ಲದ ಚೂರು, ಜಗಲಿಯಲ್ಲಿ ಕೂತು ಮೈ ಆರಿದ ಮೇಲೆ ಚೊಂಬು.

ಅಂದಿನಿಂದ ಅರ್ಫಾತ್ ಬಾಟಲಿ ಎತ್ತಿದಾಗಲೆಲ್ಲ ಹಿಂದಿನಿಂದ ವಿಶ್ವನ ಗಂಟಲಲ್ಲಿ ಸರ್ವರ್ ಬೇಗಂ ಕೂಗುತ್ತಿದ್ದರು: "ಪಸೀನಾ ಸೂಖನೇ ದೇ, ಬಾವಾ!" ಸಾಲಿಗೆ ಸಾಲೇ ನಗುತ್ತಿತ್ತು. ಅರ್ಫಾತ್ ತಾನೂ ನಕ್ಕು ಬಾಟಲಿ ಕೆಳಗಿಡುತ್ತಿದ್ದ. ತಮಾಷೆಯೇ, ಆದರೆ ತಾಯಿಯ ಮಾತು. ಈ ಸೀಮೆಯಲ್ಲಿ ಬೆವರು ಹನಿಗಟ್ಟುವ ಮೊದಲೇ ಗಾಳಿ ನೆಕ್ಕಿಬಿಡುತ್ತದೆ, ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿಯಲೇಬೇಕು ಎಂದು ಹಲಗೆಯ ಮೇಲೆ ಬರೆದು ಎಲ್ಲರಿಗೂ ಪಾಠ ಹೇಳಿದ್ದವನು ಇದೇ ವಿಶ್ವ. ಪಾಠ ಹಲಗೆಯ ಮೇಲೇ ಉಳಿದಿತ್ತು.

ನಾಲ್ಕು ಜನ ಎತ್ತಿ ತಂದು ಮಲಗಿಸಿದರು. ಡಾಕ್ಟರ್ ಕ್ಯಾಪ್ಟನ್ ಪ್ರತಿಮಾ ಒಡಿಶಾದವರು. ಗಾಬರಿಯಾದಷ್ಟೂ ಅವರ ಹಿಂದಿ ಮೆತ್ತಗಾಗುತ್ತಿತ್ತು. ಥರ್ಮಾಮೀಟರ್ ನೂರಾ ಆರು ದಾಟಿದ್ದು ನೋಡಿ ಬಹಳ ಮೆತ್ತಗೆ ಹೇಳಿದರು, "ಬಟ್ಟೆ ಬಿಚ್ಚಿ. ಒದ್ದೆ ಚಾದರ, ಫ್ಯಾನು, ಕಂಕುಳಿಗೆ ಐಸು. ಅರ್ಧ ಗಂಟೆಯಲ್ಲಿ ಜ್ವರ ಇಳಿಯಲೇಬೇಕು."

ವಿಶ್ವ ಸಲೈನ್ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ. ಅವನು ಬಾಟಲಿಯನ್ನು ಅರ್ಫಾತ್‌ನ ತುಟಿಗೆ ಒಯ್ದಾಗ ಡಾಕ್ಟರ್ ಮಣಿಕಟ್ಟು ಹಿಡಿದರು.

"ಎಚ್ಚರ ಇಲ್ಲದವನ ಬಾಯಿಗೆ ಹನಿಯೂ ಬೇಡ, ಶ್ವಾಸಕ್ಕೆ ಇಳಿಯುತ್ತೆ. ನೀನು ಮಾತಾಡಿಸು. ಉತ್ತರ ಬರಬೇಕು."

ವಿಶ್ವ ತನ್ನ ದನಿಯಲ್ಲಿ ಕರೆದ. ಸುಬೇದಾರರ ಗುಡುಗಿನಲ್ಲಿ ಕರೆದ. "ಬೀರೂರು, ಬೀರೂರು, ಕಡೂರು!" ಎಂದ. ಅರ್ಫಾತ್‌ನ ರೆಪ್ಪೆ ಅದುರಲಿಲ್ಲ. ಫ್ಯಾನು ತಿರುಗುತ್ತಿತ್ತು, ಚಾದರ ಒಣಗುತ್ತಿತ್ತು, ಜವಾನರು ಮತ್ತೆ ಮತ್ತೆ ನೀರು ಸುರಿಯುತ್ತಿದ್ದರು. ಇಪ್ಪತ್ತು ನಿಮಿಷ ಕಳೆಯಿತು.

ಗಂಟಲಿನಲ್ಲಿ ಉಳಿದದ್ದು ಒಂದೇ ದನಿ. ಸಾಯುವವರೆಗೆ ಅದನ್ನು ಮುಟ್ಟುವುದಿಲ್ಲ ಎಂದು ಟ್ಯಾಂಕರಿನ ಬಾಗಿಲಲ್ಲೇ ಆಣೆ ಮಾಡಿಕೊಂಡಿದ್ದ. ಬಗ್ಗಿ, ಕಿವಿಯ ಹತ್ತಿರ, "ಅರ್ಫಾತ್... ಬಾವಾ... ಉಠ್ ರೇ" ಎಂದ.

ಯಾರೂ ನಗಲಿಲ್ಲ. ಒಣಗಿದ ತುಟಿ ಅಲ್ಲಾಡಿತು.

"ಅಮ್ಮೀ... ಪಸೀನಾ ಸೂಖಾ ನೈ..."

"ಏನಂದ?" ಎಂದರು ಡಾಕ್ಟರ್.

"ಬೆವರು ಇನ್ನೂ ಆರಿಲ್ಲವಂತೆ, ಮೇಡಂ." ಅಷ್ಟು ಹೇಳುವಷ್ಟರಲ್ಲಿ ವಿಶ್ವನ ಕಣ್ಣು ತುಂಬಿತ್ತು. ಅಲ್ಲೇ, ಚಾದರಕ್ಕೆ ನೀರು ಸುರಿಯುತ್ತಲೇ, ಬಾಟಲಿಯ ಕತೆ ಪೂರ್ತಿ ಹೇಳಿದ. ಡಾಕ್ಟರ್ ಬಯ್ಯಲಿಲ್ಲ. ಥರ್ಮಾಮೀಟರ್ ನೋಡಿದರು: ನೂರಾ ಎರಡು. ಅವರ ದನಿ ಮೊದಲಿನ ಗಡಸಿಗೆ ಬಂತು. "ಇವನ ತಾಯಿಗೆ ಫೋನ್ ಮಾಡಿ ಇದನ್ನು ಹೇಳುವವನು ನೀನೇ."

ಸ್ವಲ್ಪ ಹೊತ್ತಿಗೆ ಅರ್ಫಾತ್ ಕಣ್ಣು ಬಿಟ್ಟ. ಹೆಸರು ಹೇಳಿದ. ಊರು ಕೇಳಿದರೆ, "ಅಜ್ಜಂಪುರ, ಸ್ಟೇಷನ್ ಹಿಂದೆ" ಎಂದು ವಿಳಾಸವನ್ನೇ ಕೊಟ್ಟ. ಈಗ ಕುಡಿಸಬಹುದು ಎಂದು ಡಾಕ್ಟರ್ ತಲೆಯಾಡಿಸಿದರು. ಚಮಚ ಹತ್ತಿರ ಬಂದರೆ ಅವನು ತುಟಿ ಬಿಗಿದ.

"ಸೂಖ್ ಗಯಾ ಬಾವಾ. ಪೀ," ಎಂದಿತು ಸರ್ವರ್ ಬೇಗಂ ದನಿ. ಆರಿತು, ಕುಡಿ.

ಕುಡಿದ. ಇನ್ನೊಂದು ಚಮಚ ಕುಡಿದ. ಆಮೇಲೆ ಒಂದೇ ಕಣ್ಣು ತೆರೆದು, "ಲೇ... ನಮ್ಮಮ್ಮಿ ಗಂಟ್ಲು ಇಷ್ಟು ಗೊಗ್ಗರು ಇಲ್ಲ ಕಣೋ" ಎಂದ.

ಅವನನ್ನು ಆಂಬುಲೆನ್ಸ್ ದೊಡ್ಡ ಆಸ್ಪತ್ರೆಗೆ ಒಯ್ದಿತು. ಸಂಜೆ ವಿಶ್ವ ಅಜ್ಜಂಪುರಕ್ಕೆ ಫೋನ್ ಮಾಡಿದ. ಸ್ವಂತ ದನಿಯಲ್ಲಿ ಮಾತಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಎಲ್ಲ ಹೇಳಿ ಮುಗಿಸಿದ. ಸರ್ವರ್ ಬೇಗಂ ಮೊದಲು ಕೇಳಿದ್ದು ಮಗನನ್ನೇ.

"ಈಗ ಹೆಂಗವ್ನೆ?"

"ಚೆನ್ನಾಗವ್ನೆ ಅಮ್ಮಾ. ಅನ್ನ ಉಂಡ್ನಂತೆ. ತಪ್ಪು ನಂದೇ."

"ನಿಂದೊಂದೇ ಏನಪ್ಪಾ? ಮಾತು ನಂದಲ್ವಾ? ಆ ಮಾತು ನಮ್ಮೂರ ಬಿಸ್ಲಿಗೆ. ಅಲ್ಲಿ ಮರಳಿಗೆ ಬ್ಯಾರೆ ಮಾತು ಇರುತ್ತೆ ಅಂತ ನಂಗೇನು ಗೊತ್ತು? ಎಲ್ಲಿ, ನನ್ನಂಗೆ ಮಾತಾಡ್ತೀಯಂತಲ್ಲ, ಮಾತಾಡು ನೋಡಾನ."

"ಬ್ಯಾಡಮ್ಮಾ, ಬಿಟ್ಬಿಟ್ಟೆ."

"ಬಿಡ್ತೀಯ? ಕದ್ದ ಮಾಲು ಸುಮ್ನೆ ಬಿಟ್ರೆ ಆಯ್ತಾ? ಮಾತಾಡು!"

ವಿಶ್ವ ಅಳುಕುತ್ತಲೇ ನಾಲ್ಕು ಮಾತಾಡಿದ. ಸರ್ವರ್ ಬೇಗಂ ಮೊದಲು ಅತ್ತರು, ಆಮೇಲೆ ನಕ್ಕರು. "ಯಾ ಅಲ್ಲಾ, ನಾನು ಹಿಂಗೆ ಕಿರುಚ್ತೀನಾ? ಸರಿ, ಕೇಳು. ದಿನಾ ಇದೇ ಗಂಟ್ಲಲ್ಲಿ ಹೇಳು, ಮೊದ್ಲು ಕುಡಿ ಅಂತ. ಅವ್ನಿಗೊಬ್ನಿಗೇ ಅಲ್ಲ, ಎಲ್ರಿಗೂ. ಗುಳಿಗೆ ಕೊಟ್ಟಂಗೆ, ಹೊತ್ತೊತ್ತಿಗೆ."

ಹತ್ತನೆಯ ದಿನ ಅರ್ಫಾತ್ ಹಿಂತಿರುಗಿದ. ಸ್ಟೇರಿಂಗ್ ಮುಟ್ಟಲು ಡಾಕ್ಟರು ಇನ್ನೂ ಬಿಟ್ಟಿರಲಿಲ್ಲ. ಟ್ಯಾಂಕರಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಹೊಸ ಡ್ರೈವರ್ ನೀರಿನ ನಲ್ಲಿ ತಿರುಗಿಸುವುದರಲ್ಲೇ ತಪ್ಪು ಹುಡುಕುತ್ತ ಕೂತಿದ್ದ. ಊರಿಂದ ಬಂದ ಪಾರ್ಸೆಲ್ಲಿನ ಬೆಲ್ಲವನ್ನು ವಿಶ್ವ ಕುಟ್ಟಿ ತಟ್ಟೆಯಲ್ಲಿಟ್ಟಿದ್ದ. ಸಾಲಿನಲ್ಲಿ ಪಂಜಾಬಿನವರಿದ್ದರು, ಬಿಹಾರದವರಿದ್ದರು, ಕೊನೆಯಲ್ಲಿ ಮಗ್ಗು ಹಿಡಿದು ಡಾಕ್ಟರ್ ಮೇಡಂ ಇದ್ದರು.

"ಪೆಹಲೇ ಪಾನಿ ಪೀ, ಬಾವಾ!" ಸರ್ವರ್ ಬೇಗಂ ದನಿ ಮರಳಿನ ದಿಬ್ಬದವರೆಗೂ ಹೋಯಿತು.

ಅರ್ಫಾತ್ ತಿರುಗಿ ನೋಡಲಿಲ್ಲ. "ಇನ್ನೂ ಗೊಗ್ಗರೇ ಕಣೋ," ಎಂದು ಬಾಟಲಿ ಎತ್ತಿ ಗಟಗಟ ಕುಡಿದ. ಗಲ್ಲದಿಂದ ಜಾರಿದ ಹನಿ ಮರಳ ಮೇಲೆ ಬಿದ್ದು ಕಪ್ಪು ಚುಕ್ಕೆಯಾಯಿತು. ಅದು ಆರುವ ಮೊದಲೇ ಅದರ ಪಕ್ಕ ಇನ್ನೊಂದು ಬಿತ್ತು.