ಮಹಡಿ ಇಳಿದ ಕುರ್ಚಿ

ಪುರಸಭೆಯ ಗೋಡೆಗೆ ಹದಿನೇಳು ಬಣ್ಣಬಣ್ಣದ ಚಿತ್ರಗಳು ಬಂದು ಕೂತಾಗ ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಸಿವು ನೀಗಬೇಕು, ಎಲ್ಲರಿಗೂ ನೀರು, ಶೌಚಾಲಯ ಸಿಗಬೇಕು, ಯಾರೂ ಹಿಂದೆ ಉಳಿಯಬಾರದು ಎಂದು ಜಗತ್ತೇ ಒಪ್ಪಿಕೊಂಡ ಆ ಹದಿನೇಳು ಗುರಿಗಳು ಇನ್ನು ನಮ್ಮ ಊರಿನ ಗುರಿಗಳೂ ಹೌದು ಎಂದು ಸಭೆ ತೀರ್ಮಾನಿಸಿತ್ತು. ಪುಟ್ಟಿ ಆ ಸಭೆಯ ಕಾರ್ಯದರ್ಶಿ. ಕೂದಲು ಅಲ್ಲಲ್ಲಿ ಬೆಳ್ಳಗಾದರೂ ಮನೆಯ ಮುದ್ದಿನ ಹೆಸರು ಕಚೇರಿಯವರೆಗೂ ಬೆನ್ನು ಹತ್ತಿ ಬಂದಿತ್ತು.

ಹೊಸ ಉತ್ಸಾಹದಲ್ಲಿ ಅವಳೇ ಕೂತು ಒಂದು ನಿಯಮ ಬರೆದಳು. ಯಾರ ಹಕ್ಕಿನ ಮಾತೋ ಅವರೇ ಸಭೆಗೆ ಬಂದು ಮಾತಾಡಬೇಕು, ಅವರ ಪರವಾಗಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಬಾರದವರ ಬೇಡಿಕೆ ಮುಂದಿನ ವರ್ಷಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆ ನಡೆಯುವುದು ಮಹಡಿಯ ಮೇಲೆ, ಕಟ್ಟಡಕ್ಕೆ ಲಿಫ್ಟ್ ಇಲ್ಲ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ಅಕ್ಕನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಪುಟ್ಟಿಗೂ ಹೊಳೆಯಲಿಲ್ಲ ಅಂದರೆ ಏನು ಹೇಳೋಣ.

ಅಕ್ಕ ಮಾರುಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಅಲ್ಲಿನ ಶೌಚಾಲಯಕ್ಕೆ ಹತ್ತಲು ಮೆಟ್ಟಿಲು, ಹತ್ತಿದರೂ ಗಾಲಿಕುರ್ಚಿ ಹಿಡಿಸದ ಬಾಗಿಲು. ಅದಕ್ಕೇ ಅವಳು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ತುಟಿ ಒಡೆದರೂ ಇಲ್ಲ, ಡಾಕ್ಟರು ಬೈದರೂ ಇಲ್ಲ. ಶೌಚಾಲಯ ಸರಿಮಾಡಿಸಿ ಎಂಬ ಅವಳ ಬೇಡಿಕೆ ಹೊಸ ನಿಯಮದ ಮೊದಲ ಸಭೆಯ ಮುಂದಿತ್ತು.

ಗಾಲಿಕುರ್ಚಿ ಮೆಟ್ಟಿಲ ಬುಡಕ್ಕೆ ಬಂದು ನಿಂತಾಗಷ್ಟೇ ಪುಟ್ಟಿಗೆ ತನ್ನ ತಪ್ಪು ಹೊಳೆಯಿತು. ದಡದಡ ಇಳಿದು ಬಂದಳು.

"ಅಕ್ಕಾ, ನಾಲ್ಕು ಜನ ಬಂದು ನಿನ್ನ ಎತ್ಕೊಂಡು ಹೋಗ್ತಾರೆ."

"ನಾನೇನು ಬೀರುನಾ? ಹೋದ ಸಲ ಬ್ಯಾಂಕಲ್ಲಿ ಹಂಗೇ ಎತ್ತಿ, ಅರ್ಧಕ್ಕೆ ಇಳಿಸಿ ಬೆವರು ಒರೆಸ್ಕೊಂಡ್ರು. ಹಕ್ಕು ಕೇಳೋಕೆ ಬಂದೋಳು ಕಣೇ ನಾನು. ಸಾಮಾನಿನ ಥರ ಮೇಲೆ ಬರಲ್ಲ."

"ನಿಯಮ ಹಂಗಿದೆಯಲ್ಲಕ್ಕ."

"ಬರೆದ ಮಹಾತಾಯಿ ಯಾರೋ?"

ಪುಟ್ಟಿಯ ಮುಖ ಚಿಕ್ಕದಾಯಿತು. ಇನ್ನೂ ಒಂದು ವರ್ಷ ಅಕ್ಕ ಬಾಯಾರಿ ಕೂರಬೇಕು, ಅದೂ ತಾನು ಬರೆದ ನಿಯಮದಿಂದ. ನಿಯಮ ಎಂದೊಡನೆ ಅವಳಿಗೆ ಇನ್ನೊಂದು ನಿಯಮ ನೆನಪಾಯಿತು. ಹಿಂದೊಮ್ಮೆ ಛಾವಣಿ ಸೋರಿದಾಗ ಮಾಡಿಕೊಂಡಿದ್ದು: ಅಧ್ಯಕ್ಷರ ಕುರ್ಚಿ ಎಲ್ಲಿದೆಯೋ ಸಭೆ ಅಲ್ಲೇ. ಅವಳು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದಳು.

ಅಧ್ಯಕ್ಷೆ ಮೊದಲು ಶಾಲೆಯಲ್ಲಿ ದೊಡ್ಡ ಟೀಚರ್ ಆಗಿದ್ದವರು. ಸದಸ್ಯರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಪುಟ್ಟಿಯ ಮಾತು ಮುಗಿಯುವ ಮೊದಲೇ ಅವರು ಎದ್ದು ನಿಂತರು. "ಇಳಿಸ್ರಪ್ಪ ಕುರ್ಚಿ," ಎಂದರು.

ಆ ಕುರ್ಚಿಯೋ, ಕಸ ಗುಡಿಸುವಾಗಲೂ ಯಾರೂ ಸರಿಸದ ತೇಗದ ಭಾರಿ ಕುರ್ಚಿ. ಸದಸ್ಯರು ಏದುಸಿರು ಬಿಡುತ್ತಾ ಹೊತ್ತು ಇಳಿಯತೊಡಗಿದರು. ಮೆಟ್ಟಿಲ ತಿರುವಿನಲ್ಲಿ ಅದು ಗೋಡೆಗೂ ಕಟಾಂಜನದ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಮೇಲಿದ್ದವರು ಇಳಿಯುವಂತಿಲ್ಲ, ಕೆಳಗಿದ್ದವರು ಹತ್ತುವಂತಿಲ್ಲ.

"ಹೆಂಗಿದೆ?" ಅಕ್ಕ ಕೆಳಗಿಂದ ವಿಚಾರಿಸಿದಳು. "ನನಗೆ ದಿನಾ ಹಿಂಗೇ."

ಮೊದಲು ನಕ್ಕವರು ಅಧ್ಯಕ್ಷೆ. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ನಗುತ್ತಾ ಎತ್ತಿದ್ದಕ್ಕೋ ಏನೋ, ಕುರ್ಚಿ ಓರೆಯಾಗಿ ಸಡಿಲಗೊಂಡು ಅಂಗಳಕ್ಕೆ ಇಳಿಯಿತು. ನಿಲ್ಲಿಸಿದ್ದ ಸೈಕಲ್ಲುಗಳ ಪಕ್ಕದಲ್ಲೇ ಸಭೆ ಶುರುವಾಯಿತು. ದಾರಿಹೋಕರೂ ಬಂದು ನಿಂತರು.

ಅಕ್ಕ ಉದ್ದ ಮಾತಾಡಲಿಲ್ಲ. "ನನ್ನ ಅಂಗಡೀಲಿ ಬಂದೋರಿಗೆಲ್ಲ ನೀರು ಕೊಡ್ತೀನಿ. ನಾನು ಕುಡಿಯೋ ಹಾಗಿಲ್ಲ. ಕುಡಿದ್ರೆ ಎಲ್ಲಿಗೆ ಹೋಗ್ಲಿ?" ಎಂದಳು, ಅಷ್ಟೇ.

ಎಲ್ಲರ ಕಣ್ಣು ಒಬ್ಬ ಸದಸ್ಯರ ಮೇಲೆ ನೆಟ್ಟಿತು. ಯಾವ ಕೆಲಸಕ್ಕೂ ಅಡ್ಡ ಬಾಯಿ ಹಾಕುವ ಅವರನ್ನು ಊರೆಲ್ಲ 'ಆದರೆ ಸಾಹೇಬರು' ಎನ್ನುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಆದರೆ," ಎಂದರು. ಪುಟ್ಟಿ ಪೆನ್ನು ಕೆಳಗಿಟ್ಟಳು. "ಆದರೆ, ಬಾಗಿಲು ಇವರು ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತೀನೇ ಅಗಲ ಇರಲಿ. ನಮ್ಮಮ್ಮನೂ ಮಾರ್ಕೆಟ್ಟಿಗೆ ಹೋಗೋದು ಬಿಟ್ಟು ಬಹಳ ದಿನ ಆಯ್ತು."

ಅಷ್ಟೂ ಕೈಗಳು ಮೇಲೆದ್ದವು. ದಾರಿಹೋಕರೂ ಕೈ ಎತ್ತಿದರು, ಅದು ಲೆಕ್ಕಕ್ಕಿಲ್ಲ ಎಂದು ಅವರಿಗೆ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ. ಕುರ್ಚಿಯನ್ನು ಮತ್ತೆ ಮೇಲಕ್ಕೆ ಹೊರಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಅಂದಿನಿಂದ ಸಭೆ ನಡೆಯುವುದು ಕೆಳಗಿನ ಕೋಣೆಯಲ್ಲೇ.

ಮಾರುಕಟ್ಟೆಯ ಶೌಚಾಲಯಕ್ಕೆ ಇಳಿಜಾರು ದಾರಿಯೂ ಅಗಲದ ಬಾಗಿಲೂ ಆದ ದಿನ ಪುಟ್ಟಿ ಮಧ್ಯಾಹ್ನ ಅಕ್ಕನ ಅಂಗಡಿಗೆ ಹೋದಳು. ಸುಡುಬಿಸಿಲು. ಅಕ್ಕ ಹೊಲಿಗೆ ನಿಲ್ಲಿಸಿ, ಗಿರಾಕಿಗಳಿಗೆಂದು ಇಟ್ಟಿದ್ದ ಹೂಜಿಯಿಂದ ಲೋಟ ತುಂಬಿಸಿಕೊಂಡು, ಕತ್ತೆತ್ತಿ ಗಟಗಟ ಕುಡಿದಳು. ಗಲ್ಲದಿಂದ ನೀರು ಇಳಿದು ಕೊರಳು ಒದ್ದೆಯಾಯಿತು. ಪುಟ್ಟಿಯ ಕಣ್ಣೂ ಒದ್ದೆಯಾಯಿತು.

"ಏನೇ ಹಂಗೆ ನೋಡ್ತೀಯಾ? ನೀರು ಕುಡಿಯೋರನ್ನ ಕಂಡಿಲ್ವಾ?" ಎಂದು ಅಕ್ಕ ಲೋಟ ಮುಂದೆ ಚಾಚಿದಳು. "ಇನ್ನೊಂದು ಲೋಟ ಹಾಕು."