ಮನೆಯಿಂದ ಕಂಬಕ್ಕೆ

ಮುದ್ದೇಬಿಹಾಳದ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಗುಂಡವ್ವ ಮಗಳ ಜೊತೆ ಇದ್ದಾಳೆ. ಮಗಳು ಪಲ್ಲವಿ ಶಾಲೆಯಲ್ಲಿ ಟೀಚರ್. ಗುಂಡವ್ವನ ಗಂಡ ಚಂದಪ್ಪ ಲೈನ್‌ಮನ್ ಆಗಿದ್ದವನು, ತೀರಿಕೊಂಡು ಎರಡು ವರ್ಷ. ಆವತ್ತು ಲೈನ್ ಬಂದ್ ಮಾಡಿಸಿಯೇ ಕಂಬ ಹತ್ತಿದ್ದ. ಕರೆಂಟು ಹೋಯಿತೆಂದು ಯಾವುದೋ ಮನೆಯವರು ಜನರೇಟರ್ ಹಚ್ಚಿದರು. ಅದರ ಕರೆಂಟು ಮನೆಯೊಳಗೆ ನಿಲ್ಲದೆ ತಂತಿ ಹಿಡಿದು ತಿರುಗಿ ಕಂಬಕ್ಕೆ ಏರಿತು. ಯಾವ ಮನೆ ಎಂಬುದು ಗೊತ್ತಾಗಲಿಲ್ಲ. ಗುಂಡವ್ವ ಕೇಳಲೂ ಹೋಗಲಿಲ್ಲ. ಆ ದಿನ ಅತ್ತಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಈಗ ಬೆಳಿಗ್ಗೆ ಏಳುತ್ತಾಳೆ, ವಿಭೂತಿ ಧರಿಸಿ ಲಿಂಗಪೂಜೆ ಮಾಡುತ್ತಾಳೆ, ಉಣ್ಣುತ್ತಾಳೆ. ಉಪ್ಪು ಸರಿಯಾಗಿದೆಯೇ ಎಂದು ಮಗಳು ಕೇಳಿದರೆ ಹೌದು ಅನ್ನುತ್ತಾಳೆ, ಇರಲಿ ಬಿಡಲಿ.

ಪಲ್ಲವಿ ಬಾಲ್ಕನಿಗೆ ಸೋಲಾರ್ ಪ್ಯಾನಲ್ ತರಿಸಿದಳು. ಗ್ರಿಲ್ಲಿಗೆ ಕಟ್ಟುವಂಥದ್ದು. ಹಿಂದೆ ಒಂದು ಡಬ್ಬಿ, ಡಬ್ಬಿಯಿಂದ ವೈರು. ಅದರ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಸಿಲಿನ ಕರೆಂಟು ಮನೆಯೊಳಗೆ ಬರುತ್ತದೆ. ಕೂರಿಸಲು ಬಂದವನು ಎಲೆಕ್ಟ್ರಿಕ್ ಅಂಗಡಿಯ ಇಸ್ಮಾಯಿಲ. ಸೂರ್ಯಪ್ಪ ನಿಮ್ಮ ಬಾಲ್ಕನಿಗೆ ಬಾಡಿಗೆಗೆ ಬಂದ, ಇನ್ನು ಸೀರೆ ಒಣಹಾಕಲು ನೀವು ಮಾಳಿಗೆ ಹತ್ತಬೇಕು ಎಂದು ನಗಿಸಲು ನೋಡಿದ. ಮನೆಗೆ ಹೆಚ್ಚಾದ ಕರೆಂಟು ಊರ ಲೈನಿಗೂ ಹೋಗುತ್ತದೆ ಎಂದ.

ಗುಂಡವ್ವ ಎದ್ದು ಹೋಗಿ ಸಾಕೆಟ್ಟಿಗೆ ಬೆನ್ನು ಹಚ್ಚಿ ಕುಳಿತಳು.

“ಕಂಬದ ಮ್ಯಾಲ ಯಾರರ ಇದ್ದಾಗೂ ಹೋಗತೈತೇನು, ತಮ್ಮಾ?”

ಇಸ್ಮಾಯಿಲನ ಕೈ ನಿಂತಿತು. ಚಂದಪ್ಪನ ಸುದ್ದಿ ಅವನಿಗೂ ಗೊತ್ತಿತ್ತು.

“ಇಲ್ರೀ ಅವ್ವಾರ. ಲೈನಿನ್ಯಾಗ ಕರೆಂಟ್ ಇದ್ರಷ್ಟ ಇದು ಕೊಡತೈತಿ. ಅದು ನಿಂತ್ರ ಇದೂ ಬಂದ್.”

“ಬಂದ್ ಐತಿ ಅಂತ ನಮ್ಮ ಮನಿಯವರಿಗೂ ಹೇಳಿದ್ರು.”

ಪಲ್ಲವಿ ಬಂದು ಕೈ ಹಿಡಿದಳು. ಗುಂಡವ್ವ ಸರಿದು ಕುಳಿತಳು. ಇಸ್ಮಾಯಿಲ ಪ್ಲಗ್ ಸಿಕ್ಕಿಸಿದ; ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಮೇನ್ ಸ್ವಿಚ್ ಇಳಿಸಿದ. ಫ್ಯಾನು ನಿಂತಿತು, ಡಬ್ಬಿಯ ದೀಪವೂ ಆರಿತು. ಬಿಸಿಲು ಮಾತ್ರ ಪ್ಯಾನಲ್ ಮೇಲೆ ಬೀಳುತ್ತಲೇ ಇತ್ತು. ಪ್ಲಗ್ ಕಿತ್ತು ಟೆಸ್ಟರ್ ಹಚ್ಚಿ ತೋರಿಸಿದ. ಟೆಸ್ಟರ್ ಹತ್ತಲಿಲ್ಲ.

ಗುಂಡವ್ವ ಕೈ ಚಾಚಿದಳು. ಬೆರಳಲ್ಲ, ಅಂಗೈಯಲ್ಲ, ಕೈಯ ಹಿಂಬದಿ. ಚಂದಪ್ಪ ಟೆಸ್ಟರ್ ಹಚ್ಚಿದ ಮೇಲೂ ಹಾಗೇ ಮುಟ್ಟಿ ನೋಡುತ್ತಿದ್ದ. ಕರೆಂಟಿದ್ದರೆ ಬೆರಳು ಮಡಚಿ ತಂತಿಯನ್ನು ಹಿಡಿದುಬಿಡುತ್ತವೆ, ಹಿಂಬದಿಯಾದರೆ ಕೈ ಜಾಡಿಸಿ ದೂರ ಬರುತ್ತದೆ ಅನ್ನುತ್ತಿದ್ದ. ಜ್ವರ ಬಂದ ಮಗಳ ಹಣೆಯನ್ನೂ ಹಾಗೇ ಮುಟ್ಟುತ್ತಿದ್ದ. ಇಸ್ಮಾಯಿಲ ಬ್ಯಾಡ್ರಿ ಅನ್ನುವಷ್ಟರಲ್ಲಿ ಅವಳು ಪ್ಲಗ್ಗಿಗೆ ಕೈ ಹಚ್ಚಿದ್ದಳು.

ಏನೂ ಆಗಲಿಲ್ಲ. ಹಿತ್ತಾಳೆ ತಣ್ಣಗಿತ್ತು. ಕೈಯನ್ನು ಹಾಗೇ ಇಟ್ಟುಕೊಂಡಳು. ಈಗಾದರೂ ಅತ್ತಾಳೆಂದು ಪಲ್ಲವಿ ಕಾದಳು. ಅಳಲಿಲ್ಲ.

“ಹಚ್ಚು,” ಅಂದಳು. “ಆದ್ರ ಕರೆಂಟ್ ಹೋದಾಗೊಮ್ಮೆ ಇದನ್ನ ನಾ ಕೀಳತೇನಿ.”

“ಜರೂರತ್ ಇಲ್ರೀ, ಅದು ತಾನ ನಿಲ್ಲತೈತಿ.”

“ನಿಲ್ಲಲಿ, ತಮ್ಮಾ. ಕಂಬ ಹತ್ತಿದಾಂವಗೂ ಮನ್ಯಾಗ ಒಬ್ಬಾಕಿ ಇರತಾಳ.”

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಗುಂಡವ್ವ ಊಟದ ತಾಟು ಬಿಟ್ಟೆದ್ದು ಪ್ಲಗ್ ಕಿತ್ತಳು. ಪೂಜೆಗೆ ಕುಳಿತಂತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಶಿವನನ್ನು ಏನೂ ಬೇಡಲಿಲ್ಲ. ಬಹಳ ಹೊತ್ತಿನ ಮೇಲೆ ಫ್ಯಾನು ತಿರುಗಿತು. ಕಂಬ ಹತ್ತಿದಾತ ಇಳಿದಿದ್ದಾನೆ ಅಂದುಕೊಂಡಳು. ಪ್ಲಗ್ ಸಿಕ್ಕಿಸಿ, ಆರಿದ ರೊಟ್ಟಿಯ ಮುಂದೆ ಬಂದು ಕುಳಿತಳು.