ಸೆನೋಬಿಯೊನ ಅರ್ಧ ಗಡ್ಡ

ದೇವರು ಕೊಟ್ಟ ನಡುಕವನ್ನು ದೊನ್ ಸೆನೋಬಿಯೊ ಎಂದೂ ದೂರಿದವನಲ್ಲ. ಅವನ ಬಲಗೈ ಹಗಲಿಡೀ ಗಾಳಿಗೆ ಸಿಕ್ಕ ಬಾಳೆಲೆಯಂತೆ ಅದುರುತ್ತಿತ್ತು. ಜಪಮಾಲೆ ಹಿಡಿದರೆ ಮಣಿಗಳು ತಾವಾಗಿಯೇ ಓಡುತ್ತಿದ್ದವು. ಗಡ್ಡ ಬೋಳಿಸಿಕೊಳ್ಳಲು ಆಗದು ಎಂಬುದೊಂದೇ ಅವನ ಕೊರಗು. ಅವನಿದ್ದ ವೃದ್ಧಾಶ್ರಮದಲ್ಲಿ ಮೊದಲೆಲ್ಲ ಅದಕ್ಕೂ ಚಿಂತೆಯಿರಲಿಲ್ಲ. ಅರವತ್ತು ಗಂಟೆ ಸಮಾಜಸೇವೆ ಮಾಡದೆ ಹೈಸ್ಕೂಲು ದಾಟುವಂತಿಲ್ಲವಾದ್ದರಿಂದ ಹುಡುಗರು ಶನಿವಾರಗಳಂದು ಬಂದು ಮುದುಕರ ಗಡ್ಡ ಹೆರೆದು, ಉಗುರು ಕತ್ತರಿಸಿ, ಹಳೆಯ ಚಂಡಮಾರುತಗಳ ಕಥೆಗೆ ಹೂಂಗುಟ್ಟಿ ಹೋಗುತ್ತಿದ್ದರು.

ಈ ವರ್ಷ ಪ್ರಿನ್ಸಿಪಾಲ್ ಪೊಲಾಂಕೊ ಅವರಿಗೆ ಜ್ಞಾನೋದಯವಾಯಿತು. ಮನೆಯಲ್ಲೇ ಕೂತು ಮೊಬೈಲಿನಲ್ಲಿ ‘ತುಂಬಿದ ಕೊಡ’ ಎಂಬ ಆಟವಾಡಿದರೂ ಅದು ಸೇವೆಯೇ ಎಂದು ಅವರು ಸಾರಿದರು. ಪರದೆಯ ಮೇಲೊಂದು ಮಣ್ಣಿನ ಕೊಡ. ಬೆರಳಿನಿಂದ ಒಮ್ಮೆ ತಟ್ಟಿದರೆ ಒಂದು ಹನಿ. ಕೊಡ ತುಂಬಿದರೆ ಎಲ್ಲೋ ದೂರದ ಒಣಸೀಮೆಯ ಮಗುವಿನ ಬಾಯಾರಿಕೆ ತೀರುತ್ತದಂತೆ. ನಡುನಡುವೆ ಸಾಬೂನಿನವರೂ ಸಾಲ ಕೊಡುವವರೂ ಬಂದು ತಮ್ಮ ಸರಕು ಕೂಗಿ ಹೋಗುತ್ತಿದ್ದರು. ಹೀಗೆ ಊರಿನ ಮಕ್ಕಳು ಹಾಸಿಗೆಯಿಂದ ಏಳದೆಯೇ ಪುಣ್ಯವಂತರಾದರು. ನಲ್ಲಿ ಒಣಗಿ ತಾಯಂದಿರು ಟ್ಯಾಂಕರಿನ ಹಿಂದೆ ಬಕೆಟ್ ಹಿಡಿದು ಓಡುವಾಗ, ಒಂದು ಕೈ ಹಾಕೋ ಎಂದು ಕರೆದರೆ, “ಸುಮ್ನಿರಮ್ಮ, ನೀರು ತುಂಬಿಸ್ತಾ ಇದ್ದೀನಿ” ಎನ್ನುತ್ತಿದ್ದರು.

ಆದರೆ ಪುಣ್ಯ ಮಾಡಿದರೂ ಬೆರಳು ನೋಯುತ್ತದೆ. ಆಶ್ರಮದ ಅಡುಗೆಯವಳು ದೋನ್ಯ ಎನೇರಿಯಾಳ ಮೊಮ್ಮಗ ಸ್ಟಾರ್ಲಿನ್ ಬೇಸ್‌ಬಾಲಿನ ಹುಚ್ಚ. ಅವನಿಗೆ ತಟ್ಟುತ್ತ ಕೂರುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ದಿನ ಅಜ್ಜಿಯ ಹತ್ತಿರ ಬಂದವನ ಕಣ್ಣು ಸೆನೋಬಿಯೊನ ನಡುಗುವ ಕೈಯ ಮೇಲೆ ಬಿತ್ತು.

“ತಾತ, ಇದರ ಮೇಲೆ ಸುಮ್ನೆ ಬೆರಳಿಡಿ ನೋಡೋಣ.”

ಮುದುಕ ಇಟ್ಟ. ಕೊಡ ತುಂಬಿ ಉಕ್ಕಿತು. ಇನ್ನೊಂದು ಬಂತು, ಅದೂ ಉಕ್ಕಿತು. ಅಂದಿನಿಂದ ಹುಡುಗ ಬೆಳಿಗ್ಗೆ ಮೊಬೈಲನ್ನು ಮುದುಕನ ತೊಡೆಯ ಮೇಲಿಟ್ಟು ಮೈದಾನಕ್ಕೆ ಓಡುವುದು, ಸಂಜೆ ಬಂದು ಎತ್ತಿಕೊಂಡು ಹೋಗುವುದು. ಮುದುಕರ ಸೇವೆ ಮಾಡಬೇಕಾದವನ ಸೇವೆಯನ್ನು ಮುದುಕನೇ ಮಾಡುತ್ತಿದ್ದ. ಸ್ಟಾರ್ಲಿನ್ ಶಾಲೆಗೇ ಮೊದಲಿಗನಾದ.

ಸೆನೋಬಿಯೊ ಇದಕ್ಕೆ ಕೇಳಿದ ಕೂಲಿ ಒಂದೇ. ಪವಿತ್ರ ಗುರುವಾರ ಪಾದ್ರಿಗಳು ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿನಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಈ ಸಲ ಅದರಲ್ಲಿ ಅವನ ಹೆಸರೂ ಇತ್ತು. ಜೀವಮಾನವೆಲ್ಲ ಅವನು ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದ ಪೂಜೆ ಅದು.

“ಸ್ವಾಮಿ ನನ್ನ ಕಾಲ ಹತ್ರ ಬಗ್ಗೋ ದಿನ ನಾನು ಮುಳ್ಳುಹಂದಿ ಹಾಗೆ ಕೂತಿರೋದಾ? ಅವತ್ತಿಗೆ ಗಡ್ಡ ಬೋಳಿಸಿಕೊಡು ಮಗ, ಬೇರೇನೂ ಬೇಡ.”

ಹುಡುಗ ಅಜ್ಜಿಯಾಣೆ ಹಾಕಿ ಒಪ್ಪಿದ. ಪಕ್ಕದ ಮಂಚದ ನೇರಿಯೊ, ಶಿಷ್ಯ ಪೇತ್ರನಿಗೂ ಗಡ್ಡವಿತ್ತಲ್ಲೋ ಎಂದು ಕೆಣಕಿದ.

“ಅವನು ದೋಣಿ ನಡೆಸ್ತಿದ್ದ, ಪುರುಸೊತ್ತಿರಲಿಲ್ಲ,” ಎಂದ ಸೆನೋಬಿಯೊ. “ನಂಗೇನು ಕೆಲಸ?”

ಗುರುವಾರ ಮಧ್ಯಾಹ್ನ ಸ್ಟಾರ್ಲಿನ್ ಬಂದ, ಅಷ್ಟು ಮಟ್ಟಿಗೆ ನಿಯತ್ತಿನವನೇ. ಅಡುಗೆಮನೆಯಿಂದ ಈ ದಿನಗಳಲ್ಲಿ ಮಾಡುವ ಬೀನ್ಸ್ ಕಾಳಿನ ಪಾಯಸದ ಲವಂಗದ ಘಮ ಬರುತ್ತಿತ್ತು. ಹುಡುಗ ಎಡಗೆನ್ನೆಗೆ ನೊರೆ ಹಚ್ಚಿ ಮೆಲ್ಲಗೆ ಕತ್ತಿಯಾಡಿಸಿದ. ಮುದುಕ ಕಣ್ಣು ಮುಚ್ಚಿಕೊಂಡ. ಬಹಳ ದಿನಗಳ ಮೇಲೆ ಒಂದು ಎಳೆಯ ಕೈ ಅವನ ಮುಖ ಮುಟ್ಟಿತ್ತು. ಅವನಿಗೆ ಅರ್ಧ ಪೂಜೆ ಅಲ್ಲೇ ಆದಂತಾಯಿತು. ಬಲಗೆನ್ನೆಗೆ ಬರುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಶಾಲೆಯಲ್ಲಿ ಪದಕ, ಫೋಟೋದವನು, ಪ್ರಿನ್ಸಿಪಾಲರು, ಎಲ್ಲ ಸಿದ್ಧ.

“ಈಗ ಬಂದೆ ತಾತ, ಅಲ್ಲಾಡಬೇಡಿ,” ಎಂದು ಹುಡುಗ ಓಡಿದ.

ಅಲ್ಲಾಡದಿರುವುದು ಆ ಮನುಷ್ಯನಿಂದಾಗದ ಇನ್ನೊಂದು ಕೆಲಸ. ಆದರೂ ಕಾದ. ನೊರೆ ಒಣಗಿತು. ಇಗರ್ಜಿಗೆ ಕರೆದೊಯ್ಯುವ ವ್ಯಾನು ಬಂತು. ಸಿಸ್ಟರ್ ಇಮೆಲ್ಡಾ ಗಾಬರಿಯಾಗಿ, ಎರಡು ನಿಮಿಷದ ಕೆಲಸ, ತಾನೇ ಮುಗಿಸುತ್ತೇನೆಂದು ಕತ್ತಿ ಎತ್ತಿಕೊಂಡಳು. ಅವನು ಮುಖ ಒರೆಸಿಕೊಂಡ. ಶುರು ಮಾಡಿದವನೇ ಮುಗಿಸಲಿ ಎಂದ.

ಇಗರ್ಜಿಯಲ್ಲಿ ಪ್ರಿನ್ಸಿಪಾಲರು ಮೈಕು ಹಿಡಿದು, ನಮ್ಮ ಮಕ್ಕಳು ಮನೆಯಿಂದ ಹೊರಗೆ ಕಾಲಿಡದೆ ಕಡಲಾಚೆಯ ದಾಹ ತಣಿಸಿದರು ಎಂದು ಕೊಂಡಾಡಿದರು. ಪದಕ ತೊಟ್ಟ ಸ್ಟಾರ್ಲಿನ್ ಎದ್ದು ನಿಂತ. ಕೈಗಳೆಲ್ಲ ಚಪ್ಪಾಳೆಯಲ್ಲಿದ್ದವು, ಅಷ್ಟೂ ಕೈಗಳಲ್ಲಿ ಒಂದು ಕೆನ್ನೆ ಬೋಳಿಸುವಷ್ಟು ಬಿಡುವಿದ್ದದ್ದು ಒಂದೂ ಇರಲಿಲ್ಲ. ಆಮೇಲೆ ಪಾದ್ರಿಗಳು ಬೋಗುಣಿ ಹಿಡಿದು ಒಬ್ಬೊಬ್ಬರೆದುರು ಮೊಣಕಾಲೂರುತ್ತ ಬಂದರು. ಸೆನೋಬಿಯೊನ ಕಾಲು ತೊಳೆದು, ಮುತ್ತಿಟ್ಟು, ತಲೆಯೆತ್ತಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಬಿಳಿ ಪೊದೆ. ಇದೇನಾಯಿತೆಂದು ಪಿಸುಗುಟ್ಟಿದರು. ಮುದುಕನಿಗೆ ಪಿಸುಮಾತು ಬರುತ್ತಿರಲಿಲ್ಲ.

“ಈ ಕಡೆದು ಆ ಹುಡುಗ ಕೈಯಿಂದ ಮಾಡಿದ್ದು ಫಾದರ್. ಆ ಕಡೆದು ಮೊಬೈಲಲ್ಲಿ ಮಾಡಿದ್ದು.”

ನಗು ಮುಂದಿನ ಸಾಲಿನಿಂದ ಬಾಗಿಲವರೆಗೂ ಹೋಯಿತು. ಪ್ರಿನ್ಸಿಪಾಲರು ಮೇಣದಬತ್ತಿಯೊಂದನ್ನು ಬಹಳ ಭಕ್ತಿಯಿಂದ ನೋಡತೊಡಗಿದರು. ದೋನ್ಯ ಎನೇರಿಯಾ ನಗಲಿಲ್ಲ. ತನ್ನಾಣೆ ಹಾಕಿದವನನ್ನು ದಿಟ್ಟಿಸಿ ನೋಡಿದಳು, ಅಷ್ಟೇ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಸ್ಟಾರ್ಲಿನ್ ಕತ್ತಿ, ಸಾಬೂನು, ಬಿಸಿನೀರು ಹಿಡಿದು ಬಾಗಿಲಲ್ಲಿದ್ದ. ಕೊರಳಲ್ಲಿ ಪದಕವಿರಲಿಲ್ಲ. ಸೆನೋಬಿಯೊ ಶಾಂತವಾಗಿ ಅವನ ಮುಖ ನೋಡಿದ.

“ಇವತ್ತು ಶುಭ ಶುಕ್ರವಾರ ಕಣೋ. ಸ್ವಾಮಿ ಶಿಲುಬೆ ಮೇಲಿರೋವಾಗ ಮೈಗೆ ಕತ್ತಿ ಸೋಕಿಸ್ತಾರಾ? ನಿಮ್ಮಜ್ಜಿ ಇವತ್ತು ಈರುಳ್ಳಿ ಕೂಡ ಹೆಚ್ಚಲ್ಲ.”

“ಹಂಗಾದ್ರೆ ಮೆರವಣಿಗೆಗೆ?”

“ಹಿಂಗೇ ಬರ್ತೀನಿ. ಗಾಲಿಕುರ್ಚಿ ನೀನೇ ತಳ್ಳು.”

ಊರೆಲ್ಲ ಬೀದಿಗಿಳಿದಿತ್ತು. ಮುಂದೆ ಸ್ವಾಮಿಯ ಪ್ರತಿಮೆ, ಹಿಂದೆ ಅರ್ಧ ಗಡ್ಡದ ಮುದುಕ. ಅವನು ತನ್ನ ಪಾಡಿಗೆ ಜಪ ಮಾಡುತ್ತಿದ್ದ. ಯಾರು ತಾತ ಈ ಗಡ್ಡ ಬೋಳಿಸಿದ್ದು ಎಂದು ದಾರಿಯುದ್ದಕ್ಕೂ ಜನ ಕೇಳುವರು. ಅವನು ಕೊಡಗಟ್ಟಲೆ ನೀರು ತುಂಬಿಸಿದ ಆ ಬೆರಳನ್ನು ಎತ್ತಿ, ಭುಜದ ಮೇಲಿಂದ ಹಿಂದಕ್ಕೆ ತೋರಿಸುವನು. ಬೆರಳು ನಡುಗುತ್ತಿತ್ತು, ಆದರೆ ಯಾರನ್ನು ತೋರಿಸುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.